ಮಾರ್ನಿಂಗ್ಟನ್, ವೆಲ್ಲೆಸ್ಲಿ, ವೆಲಿಂಗ್ಟನ್: ಒಂದೇ ಮನೆಗೆ ಇಷ್ಟೊಂದು ಬಿರುದು ಹೇಗೆ ಬಂತು?

ಪ್ರಶ್ನೆ: ಶ್ರೀರಂಗಪಟ್ಟಣದ ಹಳೇ ಸೇತುವೆಗೆ ವೆಲ್ಲೆಸ್ಲಿ ಸೇತುವೆ ಅಂತಾರೆ. ಆದರೆ 1799ರ ಯುದ್ಧದ ಬಗ್ಗೆ ಓದುವಾಗ ಗವರ್ನರ್ ಜನರಲ್ ಹೆಸರು ಮಾರ್ನಿಂಗ್ಟನ್ ಅಂತ ಬರುತ್ತೆ. ಸ್ವಲ್ಪ ಮುಂದೆ ಹೋದರೆ ಅದೇ ಜಾಗದಲ್ಲಿ ವೆಲ್ಲೆಸ್ಲಿ ಅಂತಿದೆ. ಬೆಂಗಳೂರಿನಲ್ಲಿ ವೆಲಿಂಗ್ಟನ್ ಸ್ಟ್ರೀಟ್ ಬೇರೆ ಇದೆ. ಇವರೆಲ್ಲ ಒಬ್ಬರೇನಾ? ಅಣ್ಣನ ಬಿರುದು ಮಕ್ಕಳಿಗೆ ಹೋಗದೆ ತಮ್ಮಂದಿರ ಮನೆಗೆ ಹೋಯಿತು ಅಂತ ಎಲ್ಲೋ ಓದಿದೆ, ಯಾಕೆ? ಈಗ ಆ ಬಿರುದುಗಳು ಯಾರ ಹತ್ತಿರ ಇವೆ?

ಉತ್ತರ:

ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಇವರು ಇಬ್ಬರು, ಅಣ್ಣ ತಮ್ಮ. ಮಾರ್ನಿಂಗ್ಟನ್ ಮತ್ತು ವೆಲ್ಲೆಸ್ಲಿ, ಈ ಎರಡೂ ಬಿರುದು ಅಣ್ಣ ರಿಚರ್ಡ್‌ನವು. ಹುಟ್ಟಿದ್ದು 1760ರಲ್ಲಿ. ಟಿಪ್ಪುವಿನ ಮೇಲೆ ಯುದ್ಧ ಸಾರಿದ ಗವರ್ನರ್ ಜನರಲ್ ಇವನೇ. ವೆಲಿಂಗ್ಟನ್ ಆಗಿದ್ದು ತಮ್ಮ ಆರ್ಥರ್, ಅಣ್ಣನಿಗಿಂತ ಒಂಬತ್ತು ವರ್ಷ ಚಿಕ್ಕವನು. ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಅವನಿನ್ನೂ ಒಬ್ಬ ಕರ್ನಲ್. ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ್ದು ಹದಿನಾರು ವರ್ಷ ಆದಮೇಲೆ.

ಗೊಂದಲ ಆಗುವುದು ಸಹಜ. ಒಬ್ಬನೇ ಮನುಷ್ಯನಿಗೆ ಹತ್ತು ವರ್ಷದಲ್ಲಿ ಮೂರು ಹೆಸರು ಬದಲಾಗುತ್ತವೆ. ಒಂದೇ ಹೆಸರನ್ನು ಇಬ್ಬರು ಮೂವರು ಹೊತ್ತಿರುತ್ತಾರೆ. ಇದನ್ನು ಬಿಡಿಸಿಕೊಳ್ಳಲು ಒಂದು ವಿಷಯ ಗಟ್ಟಿಯಾಗಿ ಹಿಡಿದುಕೊಂಡರೆ ಸಾಕು. ಬ್ರಿಟನ್ನಿನಲ್ಲಿ ಇಂಥ ಬಿರುದನ್ನು ಮನೆತನಕ್ಕೆ ಕೊಡುವುದಿಲ್ಲ. ಒಬ್ಬ ವ್ಯಕ್ತಿಗೆ ಕೊಡುತ್ತಾರೆ. ಕೊಡುವಾಗ ರಾಜಮುದ್ರೆ ಹಾಕಿದ ಒಂದು ಸನ್ನದು ಇರುತ್ತೆ. ಅವನ ನಂತರ ಬಿರುದು ಯಾರಿಗೆ ಹೋಗಬೇಕು ಅನ್ನುವುದು ಆ ಸನ್ನದಿನಲ್ಲೇ ಬರೆದಿರುತ್ತೆ. ಸಾಮಾನ್ಯವಾಗಿ ಅಲ್ಲಿರುವುದು ಇಷ್ಟು: ಆ ವ್ಯಕ್ತಿಗೆ ಕಾನೂನುಬದ್ಧ ಮದುವೆಯಲ್ಲಿ ಹುಟ್ಟಿದ ಗಂಡುಮಕ್ಕಳು, ಅವರ ಗಂಡುಮಕ್ಕಳು, ಹೀಗೆ. ಹಿರಿಯ ಮಗನ ಸಾಲು ಮೊದಲು. ಅದು ಮುಗಿದರೆ ಎರಡನೆಯವನ ಸಾಲು. ಹೊಸ ಬಿರುದು ಬಂತು ಅಂದರೆ ಹಳೆಯದು ಅಳಿಯುವುದಿಲ್ಲ, ಅದೂ ಜೊತೆಗೇ ಇರುತ್ತೆ. ಹೀಗಾಗಿ ಒಬ್ಬನ ಹತ್ತಿರ ಐದು ಬಿರುದು ಇದ್ದರೆ, ಅವನು ಸತ್ತಾಗ ಆ ಐದೂ ಒಂದೇ ಕಡೆ ಹೋಗಲೇಬೇಕು ಅಂತಿಲ್ಲ. ಪ್ರತಿಯೊಂದಕ್ಕೂ ಅದರದೇ ಸನ್ನದು, ಅದರದೇ ದಾರಿ.

ದರ್ಜೆಗಳು ಐದು. ಕೆಳಗಿನಿಂದ ಹೇಳುವುದಾದರೆ ಬ್ಯಾರನ್, ವೈಕೌಂಟ್, ಅರ್ಲ್, ಮಾರ್ಕ್ವಿಸ್, ಎಲ್ಲಕ್ಕಿಂತ ಮೇಲೆ ಡ್ಯೂಕ್. ಈ ಐದೂ ಮೆಟ್ಟಿಲು ಹತ್ತಿದ ಮನೆ ಇದು.

ಈಗ ಮೂಲಕ್ಕೆ ಹೋಗೋಣ. ಇವರು ಐರ್ಲೆಂಡಿನಲ್ಲಿ ನೆಲೆಸಿದ್ದ ಇಂಗ್ಲಿಷ್ ಮೂಲದ ಜಮೀನ್ದಾರರು. ಮನೆತನದ ಹೆಸರು ವೆಲ್ಲೆಸ್ಲಿಯೂ ಅಲ್ಲ, ಕಾಲಿ ಅಂತ. 1728ರಲ್ಲಿ ಮೀತ್ ಜಿಲ್ಲೆಯ ಡ್ಯಾಂಗನ್ ಎಂಬಲ್ಲಿನ ಗ್ಯಾರೆಟ್ ವೆಸ್ಲಿ ಮಕ್ಕಳಿಲ್ಲದೆ ತೀರಿಕೊಂಡ. ಆಸ್ತಿ ನೆಂಟನಾದ ರಿಚರ್ಡ್ ಕಾಲಿಗೆ ಬಂತು. ಆಸ್ತಿಯ ಜೊತೆ ವೆಸ್ಲಿ ಅನ್ನುವ ಹೆಸರನ್ನೂ ಅವನು ತೆಗೆದುಕೊಂಡ. 1746ರಲ್ಲಿ ಅವನಿಗೆ ಬ್ಯಾರನ್ ಮಾರ್ನಿಂಗ್ಟನ್ ಎಂಬ ಬಿರುದು ಸಿಕ್ಕಿತು. ಮನೆಯ ಮೊದಲ ಬಿರುದು ಅದೇ. ಅವನ ಮಗ ಗ್ಯಾರೆಟ್ 1760ರಲ್ಲಿ ಅರ್ಲ್ ಆಫ್ ಮಾರ್ನಿಂಗ್ಟನ್ ಆದ. ಜೊತೆಗೆ ವೈಕೌಂಟ್ ವೆಲ್ಲೆಸ್ಲಿ ಎಂಬುದೂ ಬಂತು. ಈ ಗ್ಯಾರೆಟ್ ಒಳ್ಳೆಯ ಸಂಗೀತಗಾರ. 1764ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಮೊದಲ ಸಂಗೀತ ಪ್ರಾಧ್ಯಾಪಕನಾದ. ಹಣದ ವಿಷಯದಲ್ಲಿ ಮಾತ್ರ ಕೈ ಸಡಿಲ. 1781ರಲ್ಲಿ ತೀರಿಕೊಂಡಾಗ ಬಿರುದಿನ ಜೊತೆ ಸಾಲವನ್ನೂ ಬಿಟ್ಟುಹೋದ. ಹಿರಿಯ ಮಗ ರಿಚರ್ಡ್‌ಗೆ ಇಪ್ಪತ್ತರ ಆಸುಪಾಸು. ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದವನು ಪದವಿ ಮುಗಿಸದೇ ಮನೆಗೆ ಬಂದು ತಮ್ಮಂದಿರ ಜವಾಬ್ದಾರಿ ಹೊತ್ತ.

ತಮ್ಮಂದಿರ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ವಿಲಿಯಂ, ಆರ್ಥರ್, ಪಾದ್ರಿಯಾದ ಜೆರಾಲ್ಡ್, ಕೊನೆಯವನು ಹೆನ್ರಿ.

ವೆಸ್ಲಿ ಎಂಬ ಮನೆಹೆಸರನ್ನು ಹಳೆಯ ರೂಪವಾದ ವೆಲ್ಲೆಸ್ಲಿಗೆ ಬದಲಾಯಿಸಿದ್ದು ರಿಚರ್ಡ್, 1789ರಲ್ಲಿ. ಆರ್ಥರ್ ಮಾತ್ರ ಇನ್ನೂ ಸುಮಾರು ಒಂಬತ್ತು ವರ್ಷ ವೆಸ್ಲಿ ಅಂತಲೇ ಸಹಿ ಮಾಡುತ್ತಿದ್ದ. ಭಾರತಕ್ಕೆ ಬಂದಿಳಿದಾಗಲೂ ಅವನು ಕರ್ನಲ್ ವೆಸ್ಲಿ. 1798ರ ಮೇ ತಿಂಗಳಲ್ಲಿ, ಅಣ್ಣ ಗವರ್ನರ್ ಜನರಲ್ ಆಗಿ ಬಂದ ಹೊತ್ತಿಗೆ, ಅವನ ಸಹಿ ವೆಲ್ಲೆಸ್ಲಿ ಆಯಿತು.

ಇನ್ನು ಶ್ರೀರಂಗಪಟ್ಟಣ. ಈ ಮನೆತನದ ಭಾಗ್ಯ ತಿರುಗಿದ್ದು ಇಲ್ಲಿ. ಯುರೋಪಿನ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಎಲ್ಲವನ್ನೂ ಸ್ಪೇನ್ ಮತ್ತು ವಾಟರ್ಲೂನಿಂದ ಶುರು ಮಾಡುತ್ತಾರೆ. ಅದು ತಪ್ಪು ಅಂತ ನನಗೆ ಬಲವಾಗಿ ಅನಿಸುತ್ತೆ. 1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಹೋರಾಡುತ್ತಲೇ ಸತ್ತ. ಆ ಹೊತ್ತಿನಲ್ಲಿ ವೆಲ್ಲೆಸ್ಲಿ ಸಹೋದರರಲ್ಲಿ ಮೂವರು ಭಾರತದಲ್ಲಿದ್ದರು. ರಿಚರ್ಡ್ ಮದ್ರಾಸಿನಲ್ಲಿ ಕೂತು ಯುದ್ಧದ ಉಸ್ತುವಾರಿ ನೋಡಿಕೊಳ್ಳುತ್ತಿದ್ದ. ಆರ್ಥರ್ ಸೇನೆಯ ಜೊತೆ ಇದ್ದ. ಕಿರಿಯವನಾದ ಹೆನ್ರಿ ಅಣ್ಣನ ಖಾಸಗಿ ಕಾರ್ಯದರ್ಶಿ. ಮೈಸೂರನ್ನು ಏನು ಮಾಡಬೇಕು ಅಂತ ತೀರ್ಮಾನಿಸಲು ಐದು ಜನರ ಒಂದು ಆಯೋಗ ಮಾಡಿದರು. ಜನರಲ್ ಹ್ಯಾರಿಸ್, ಬ್ಯಾರಿ ಕ್ಲೋಸ್, ವಿಲಿಯಂ ಕರ್ಕ್‌ಪ್ಯಾಟ್ರಿಕ್ ಅವರ ಜೊತೆ ಅದರಲ್ಲಿ ಆರ್ಥರ್ ಮತ್ತು ಹೆನ್ರಿ ಇಬ್ಬರೂ ಇದ್ದರು. ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಬಾಲಕನಾಗಿದ್ದಾಗಲೇ ಪಟ್ಟಕ್ಕೆ ಕೂರಿಸಿದ ಏರ್ಪಾಡು ಇವರದು. ನಮ್ಮ ನಾಡನ್ನು ಹಂಚಿದ ಕಾಗದದ ಮೇಲೆ ಒಂದೇ ಮನೆಯವರ ಕೈ ಎಷ್ಟು ಜಾಸ್ತಿ ಇತ್ತು ನೋಡಿ.

ಆರ್ಥರ್‌ನನ್ನು ಕೆಲವೇ ದಿನಗಳಲ್ಲಿ ಶ್ರೀರಂಗಪಟ್ಟಣದ ಗವರ್ನರ್ ಮಾಡಿದರು. ಕೋಟೆಗೆ ನುಗ್ಗಿದ ಪಡೆಯ ಮುಂದೆ ನಿಂತವನು ಡೇವಿಡ್ ಬೇರ್ಡ್. ಹೈದರನ ಕಾಲದಲ್ಲಿ ಸೆರೆಸಿಕ್ಕು ಅದೇ ಊರಿನಲ್ಲಿ ಮೂರು ವರ್ಷಕ್ಕೂ ಹೆಚ್ಚು ಬಂದಿಯಾಗಿದ್ದವನು. ಅವನನ್ನು ಬಿಟ್ಟು ಗವರ್ನರ್ ಜನರಲ್‌ನ ತಮ್ಮನಿಗೆ ಹುದ್ದೆ ಹೋಯಿತು. ಬೇರ್ಡ್ ಈ ನೋವನ್ನು ಮರೆಯಲಿಲ್ಲ. ಆರ್ಥರ್ ವಾಸಕ್ಕೆ ಆರಿಸಿಕೊಂಡಿದ್ದು ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್. ಲೂಟಿಯ ಹಂಚಿಕೆಯಲ್ಲಿ ಅವನ ಪಾಲಿಗೆ ಸುಮಾರು 4,000 ಪೌಂಡ್ ಬಂತು. ಸೇನೆಯಲ್ಲಿ ಹುದ್ದೆ ಕೊಳ್ಳಲು ಹಿಂದೆ ಅಣ್ಣ ಕೊಟ್ಟ ಹಣವನ್ನು ಇದರಲ್ಲಿ ತೀರಿಸುತ್ತೇನೆ ಅಂದ. ರಿಚರ್ಡ್ ಬೇಡ ಅಂದ. ಆಗಿನ ಕಾಲಕ್ಕೆ ಸೇನೆಯ ಹುದ್ದೆಯನ್ನು ದುಡ್ಡು ಕೊಟ್ಟೇ ಕೊಳ್ಳಬೇಕಿತ್ತು.

ರಿಚರ್ಡ್‌ಗೆ ಏನು ಸಿಕ್ಕಿತು? ನಿಮ್ಮ ಪ್ರಶ್ನೆಯ ಗಂಟು ಇರುವುದೇ ಇಲ್ಲಿ. ಯುದ್ಧದ ಹೊತ್ತಿನಲ್ಲಿ ಅವನು ಅಪ್ಪನಿಂದ ಬಂದ ಬಿರುದಿನ ಪ್ರಕಾರ ಅರ್ಲ್ ಆಫ್ ಮಾರ್ನಿಂಗ್ಟನ್. ಹೀಗಾಗಿ 1799ರ ಕಾಗದಪತ್ರಗಳಲ್ಲಿ ಲಾರ್ಡ್ ಮಾರ್ನಿಂಗ್ಟನ್. ಗೆಲುವಿನ ಸುದ್ದಿ ಲಂಡನ್ನಿಗೆ ತಲುಪಿದ ಮೇಲೆ, ಅದೇ ವರ್ಷ ಡಿಸೆಂಬರ್ 2ರಂದು, ಅವನನ್ನು ಮಾರ್ಕ್ವಿಸ್ ವೆಲ್ಲೆಸ್ಲಿ ಮಾಡಿದರು. ಅರ್ಲ್‌ನಿಂದ ಒಂದು ಮೆಟ್ಟಿಲು ಮೇಲೆ. ನಮ್ಮ ಕಡೆಯಿಂದ ನೋಡಿದರೆ ಅದು ದೊಡ್ಡ ಮರ್ಯಾದೆ. ರಿಚರ್ಡ್‌ಗೆ ಅದು ಅವಮಾನ ಅನಿಸಿತು. ಯಾಕೆಂದರೆ ಆ ಬಿರುದು ಐರ್ಲೆಂಡಿನ ಪಟ್ಟಿಯದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಗ ಐರ್ಲೆಂಡಿನ ಬಿರುದುಗಳೇ ಬೇರೆ, ಗ್ರೇಟ್ ಬ್ರಿಟನ್ನಿನ ಬಿರುದುಗಳೇ ಬೇರೆ. ಐರಿಷ್ ಬಿರುದು ಇದ್ದವನಿಗೆ ಅದರ ಬಲದಿಂದ ಲಂಡನ್ನಿನ ಲಾರ್ಡ್ಸ್ ಸಭೆಯಲ್ಲಿ, ಅಂದರೆ ಪಾರ್ಲಿಮೆಂಟಿನ ಮೇಲ್ಮನೆಯಲ್ಲಿ, ಆಸನ ಸಿಗುತ್ತಿರಲಿಲ್ಲ. ಮಂತ್ರಿಗಳಿಗೆ ಯಾರನ್ನಾದರೂ ಅಗ್ಗದಲ್ಲಿ ಸಮಾಧಾನ ಮಾಡಬೇಕಿದ್ದರೆ ಐರಿಷ್ ಬಿರುದು ಕೊಟ್ಟು ಕಳಿಸುವುದು ರೂಢಿ. ರಿಚರ್ಡ್‌ಗೆ 1797ರಲ್ಲೇ ಬ್ಯಾರನ್ ವೆಲ್ಲೆಸ್ಲಿ ಎಂಬ ಬ್ರಿಟಿಷ್ ಬಿರುದು ಸಿಕ್ಕಿತ್ತು, ಲಾರ್ಡ್ಸ್ ಸಭೆಯ ಆಸನಕ್ಕೆ ಅದು ಸಾಕು. ಆದರೆ ಆ ಸಭೆಯಲ್ಲಿ ಅವನು ಅತ್ಯಂತ ಕೆಳಗಿನ ದರ್ಜೆಯವನು. ಮೈಸೂರನ್ನು ಗೆದ್ದುಕೊಟ್ಟ ಮೇಲೂ ಅಲ್ಲೇ ಕೂರಬೇಕಾಯಿತು ಅನ್ನುವುದು ಅವನ ಸಂಕಟ. ಮೂರನೇ ಮೈಸೂರು ಯುದ್ಧ ಗೆದ್ದ ಕಾರ್ನ್‌ವಾಲಿಸ್‌ಗೆ 1792ರಲ್ಲಿ ಬ್ರಿಟಿಷ್ ಮಾರ್ಕ್ವಿಸ್ ಪದವಿ ಕೊಟ್ಟಿದ್ದರು. ಅವನು ಟಿಪ್ಪುವಿನ ಅರ್ಧ ರಾಜ್ಯ ಕಸಿದಿದ್ದ, ನಾನು ಇಡೀ ರಾಜ್ಯ ಮುಗಿಸಿದೆ, ನನಗೆ ಐರಿಷ್ ಬಿರುದಾ? ತನಗೆ ಸಿಕ್ಕಿದ್ದು ಎರಡು ಪದರ ಚಿನ್ನದ ನೀರು ಹಾಕಿದ ಆಲೂಗಡ್ಡೆ ಅಂತ ರಿಚರ್ಡ್ ಹೇಳಿಕೊಂಡ. ಆಲೂಗಡ್ಡೆ ಐರ್ಲೆಂಡಿನ ಬಡವರ ಊಟ, ಅದಕ್ಕೇ ಆ ಮಾತು. ಪ್ರಧಾನಿ ಪಿಟ್‌ಗೆ ಬರೆದ ಕಾಗದದಲ್ಲೂ ಈ ಸಿಟ್ಟನ್ನು ಮುಚ್ಚಿಡಲಿಲ್ಲ.

ಈ ಸಿಟ್ಟಿನ ಬಗ್ಗೆ ಓದುವಾಗ ನನಗೆ ಪ್ರತಿ ಸಲ ಬೇಸರವಾಗುತ್ತೆ. ಒಂದು ರಾಜ್ಯ ಉರುಳಿದೆ, ಸಾವಿರಾರು ಜನ ಸತ್ತಿದ್ದಾರೆ, ಒಂದು ಊರು ದಿನಗಟ್ಟಲೆ ಲೂಟಿಯಾಗಿದೆ. ಕೊನೆಗೆ ಉಳಿದ ದೂರು ಬಿರುದು ಯಾವ ಪಟ್ಟಿಯದು ಅನ್ನುವುದು. ಆದರೂ ಒಂದು ಮಾತು ಅವನ ಪರವಾಗಿ ಹೇಳಬೇಕು. ಶ್ರೀರಂಗಪಟ್ಟಣದ ಲೂಟಿಯಿಂದ 1,00,000 ಪೌಂಡ್ ಕೊಡಲು ಬಂದಾಗ ರಿಚರ್ಡ್ ತೆಗೆದುಕೊಳ್ಳಲಿಲ್ಲ. ಅದು ಸೈನಿಕರ ಪಾಲು ಅಂದ. ಕಂಪನಿ ಆಮೇಲೆ ಅವನಿಗೆ ಇಪ್ಪತ್ತು ವರ್ಷ, ವರ್ಷಕ್ಕೆ 5,000 ಪೌಂಡ್ ಕೊಡುವ ಏರ್ಪಾಡು ಮಾಡಿತು. ಸೇನೆಯವರು ಟಿಪ್ಪುವಿನ ಖಜಾನೆಯ ರತ್ನಗಳನ್ನು ಕೂರಿಸಿ ಮಾಡಿಸಿದ ಸೇಂಟ್ ಪ್ಯಾಟ್ರಿಕ್ ಪದಕವೊಂದನ್ನು ಅವನಿಗೆ ಉಡುಗೊರೆ ಕೊಟ್ಟರು. ಮೊದಲು ಅದನ್ನೂ ಬೇಡ ಅಂದಿದ್ದ. ಕಂಪನಿಯ ನಿರ್ದೇಶಕರು ಒಪ್ಪಿಗೆ ಕೊಟ್ಟ ಮೇಲೆ ಅದು ಅವನ ಕೈಗೆ ಬಂತು.

ನಿಮ್ಮ ಸೇತುವೆಯ ಲೆಕ್ಕ ಈಗ ಸರಿಹೋಗುತ್ತೆ. ದಿವಾನ್ ಪೂರ್ಣಯ್ಯನವರು ಕಾವೇರಿಗೆ ಆ ಕಲ್ಲಿನ ಸೇತುವೆ ಕಟ್ಟಿಸಿದ್ದು 1804ರಲ್ಲಿ. ಆಗ ಗವರ್ನರ್ ಜನರಲ್ ಮಾರ್ಕ್ವಿಸ್ ವೆಲ್ಲೆಸ್ಲಿ. ಅವನ ಗೌರವಕ್ಕೆ ಆ ಹೆಸರು. ದರಿಯಾ ದೌಲತ್‌ನಲ್ಲಿ ವಾಸವಿದ್ದ ತಮ್ಮನ ಹೆಸರು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅಲ್ಲ, ಅದು ಅಣ್ಣನದು. ಬೆಂಗಳೂರಿನ ವೆಲಿಂಗ್ಟನ್ ಸ್ಟ್ರೀಟ್ ಮತ್ತು ನೀಲಗಿರಿಯ ವೆಲಿಂಗ್ಟನ್ ದಂಡುಪ್ರದೇಶ ತಮ್ಮನ ಬಿರುದಿನವು.

ಆ ಬಿರುದು ಹುಟ್ಟಿದ ಬಗೆ ಕೇಳಿ. 1809ರ ಜುಲೈ ಕೊನೆಯಲ್ಲಿ ಆರ್ಥರ್ ಸ್ಪೇನಿನ ತಲವೆರಾದಲ್ಲಿ ಫ್ರೆಂಚರ ವಿರುದ್ಧ ಗೆದ್ದ. ಲಂಡನ್ನಿನಲ್ಲಿ ಅವನಿಗೆ ವೈಕೌಂಟ್ ಪದವಿ ಕೊಡಲು ತೀರ್ಮಾನ ಆಯಿತು. ಯಾವ ಹೆಸರಿನಲ್ಲಿ? ವೆಲ್ಲೆಸ್ಲಿ ಅನ್ನುವ ಹಾಗಿಲ್ಲ, ಅದು ಅಣ್ಣನ ಹತ್ತಿರ ಇದೆ. ಆರ್ಥರ್‌ನನ್ನು ಕೇಳೋಣ ಅಂದರೆ ಅವನು ಸ್ಪೇನಿನಲ್ಲಿದ್ದಾನೆ, ಕಾಗದ ಹೋಗಿ ಬರುವಷ್ಟು ಸಮಯ ಇಲ್ಲ. ಮನೆಯ ಎರಡನೆಯವನಾದ ವಿಲಿಯಂ ಬಿರುದುಗಳ ಪಟ್ಟಿ ಮತ್ತು ನಕ್ಷೆ ಎರಡನ್ನೂ ಮುಂದಿಟ್ಟುಕೊಂಡು ಹುಡುಕಿದ. ಸಾಮರ್‌ಸೆಟ್ ಜಿಲ್ಲೆಯಲ್ಲಿ ವೆಲ್ಲೆಸ್ಲಿ ಎಂಬ ಹಳೆಯ ಜಾಗದಿಂದ ತುಂಬಾ ದೂರವಲ್ಲದ ಕಡೆ ವೆಲಿಂಗ್ಟನ್ ಎಂಬ ಪುಟ್ಟ ಪಟ್ಟಣ ಕಣ್ಣಿಗೆ ಬಿತ್ತು. ಮನೆಹೆಸರಿಗೆ ಹತ್ತಿರ, ಬೇರೆ ಯಾರೂ ತೆಗೆದುಕೊಂಡಿಲ್ಲ. ಸೆಪ್ಟೆಂಬರ್ 4ರಂದು ಆರ್ಥರ್ ಬ್ಯಾರನ್ ಡೌರೊ ಮತ್ತು ವೈಕೌಂಟ್ ವೆಲಿಂಗ್ಟನ್ ಆದ. ಸುದ್ದಿ ತಲುಪಿದ ಮೇಲೆ ಅವನು ಹೊಸ ಹೆಸರಿನಲ್ಲಿ ಸಹಿ ಮಾಡಲು ಶುರು ಮಾಡಿದ. ನ್ಯೂಜಿಲೆಂಡಿನ ರಾಜಧಾನಿಗೂ ಈಗ ಇರುವುದು ಅದೇ ಹೆಸರು. ವಿಲಿಯಂ ನಕ್ಷೆಯಲ್ಲಿ ಬೇರೆ ಊರು ನೋಡಿದ್ದರೆ ಎಷ್ಟೋ ಊರು ಬೀದಿಗಳ ಹೆಸರು ಬೇರೆ ಆಗಿರುತ್ತಿತ್ತು.

ಅಲ್ಲಿಂದ ಮುಂದಿನದು ಬಹಳ ಬೇಗ. 1812ರ ಫೆಬ್ರವರಿಯಲ್ಲಿ ಅರ್ಲ್, ಅದೇ ವರ್ಷ ಅಕ್ಟೋಬರಿನಲ್ಲಿ ಮಾರ್ಕ್ವಿಸ್, 1814ರ ಮೇ ತಿಂಗಳಲ್ಲಿ ಡ್ಯೂಕ್. ಇಷ್ಟೂ ಆಗುವ ತನಕ ಅವನು ಯುದ್ಧಭೂಮಿಯಲ್ಲೇ ಇದ್ದ, ಲಾರ್ಡ್ಸ್ ಸಭೆಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಬಿರುದು ಬಂದವನು ಮೊದಲ ಸಲ ಸಭೆಗೆ ಬಂದಾಗ ಅವನ ಸನ್ನದನ್ನು ಗಟ್ಟಿಯಾಗಿ ಓದುವುದು ಅಲ್ಲಿನ ಪದ್ಧತಿ. 1814ರ ಜೂನ್ 28ರಂದು ಆರ್ಥರ್ ಬಂದು ನಿಂತ. ಬ್ಯಾರನ್ನಿನದು, ವೈಕೌಂಟಿನದು, ಅರ್ಲ್‌ದು, ಮಾರ್ಕ್ವಿಸ್‌ದು, ಡ್ಯೂಕಿನದು, ಎಲ್ಲ ಸನ್ನದುಗಳನ್ನೂ ಒಂದರ ಹಿಂದೆ ಒಂದು ಓದಿದರು. ಐದು ದರ್ಜೆ, ಒಂದೇ ದಿನ, ಒಬ್ಬನೇ ಮನುಷ್ಯ. ಹದಿನೈದು ವರ್ಷದ ಹಿಂದೆ ಐರಿಷ್ ಮಾರ್ಕ್ವಿಸ್ ಆಗಿ ಕೊರಗಿದ ಅಣ್ಣ ಇನ್ನೂ ಬದುಕಿದ್ದ. ಈಗ ತಮ್ಮ ಅವನಿಗಿಂತ ಮೇಲಿನ ದರ್ಜೆಯವನು. ಅಣ್ಣ ತಮ್ಮಂದಿರ ನಡುವೆ ಆಮೇಲೆ ವರ್ಷಗಟ್ಟಲೆ ಸರಿಯಿರಲಿಲ್ಲ. ಅದಕ್ಕೆ ರಾಜಕೀಯದ ಕಾರಣಗಳೂ ಇದ್ದವು. ಆದರೆ ಬಿರುದಿನ ಈ ಅದಲು ಬದಲು ಅದರಲ್ಲಿ ಸೇರಿರಲಿಲ್ಲ ಅಂತ ನನಗೆ ಅನಿಸುವುದಿಲ್ಲ.

ಹೊರದೇಶದ ಬಿರುದುಗಳೂ ಇದೇ ಹೊತ್ತಿನಲ್ಲಿ ಬಂದವು. ಪೋರ್ಚುಗಲ್ ಮೂರು ಕೊಟ್ಟಿತು. ಸ್ಪೇನ್ 1812ರಲ್ಲಿ ಡ್ಯೂಕ್ ಆಫ್ ಸಿಯುದಾದ್ ರೊದ್ರಿಗೋ ಮಾಡಿತು, ಗ್ರನಾಡಾದ ಹತ್ತಿರ ಜಮೀನೂ ಕೊಟ್ಟಿತು. 1815ರಲ್ಲಿ ನೆದರ್ಲೆಂಡ್ಸ್ ರಾಜ ಪ್ರಿನ್ಸ್ ಆಫ್ ವಾಟರ್ಲೂ ಮಾಡಿದ. ಬ್ರಿಟಿಷ್ ಪಾರ್ಲಿಮೆಂಟ್ ಕೊಟ್ಟ ಹಣದಲ್ಲಿ 1817ರಲ್ಲಿ ಸ್ಟ್ರಾಟ್‌ಫೀಲ್ಡ್ ಸೇ ಎಂಬ ಎಸ್ಟೇಟ್ ಕೊಂಡರು. ಅದಕ್ಕೆ ಕಂದಾಯದ ರೂಪದಲ್ಲಿ ಪ್ರತಿ ವರ್ಷ ಜೂನ್ 18ರೊಳಗೆ, ಅಂದರೆ ವಾಟರ್ಲೂ ದಿನದೊಳಗೆ, ಒಂದು ಸಣ್ಣ ಫ್ರೆಂಚ್ ಬಾವುಟವನ್ನು ವಿಂಡ್ಸರ್ ಕೋಟೆಯಲ್ಲಿ ದೊರೆಗೆ ಒಪ್ಪಿಸಬೇಕು. ಲಂಡನ್ನಿನ ಆಪ್ಸ್ಲಿ ಹೌಸ್ ಮೊದಲು ರಿಚರ್ಡ್‌ನದು, 1807ರಲ್ಲಿ ಕೊಂಡಿದ್ದ. ಸಾಲ ಹೆಚ್ಚಾಗಿ 1817ರಲ್ಲಿ ಅದನ್ನು ತಮ್ಮನಿಗೇ ಮಾರಿದ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಅಣ್ಣನ ಬಿರುದು ಮಕ್ಕಳಿಗೆ ಯಾಕೆ ಹೋಗಲಿಲ್ಲ? ರಿಚರ್ಡ್‌ಗೆ ಮಕ್ಕಳಿದ್ದರು. ಗಂಡುಮಕ್ಕಳೂ ಇದ್ದರು. ಅವರ ತಾಯಿ ಹಯಸಿಂತ್ ಗೇಬ್ರಿಯಲ್ ರೋಲಾಂಡ್. ರಿಚರ್ಡ್ ಆಕೆಯನ್ನು ಮದುವೆಯಾಗಿದ್ದು 1794ರಲ್ಲಿ. ಅಷ್ಟರಲ್ಲಿ ಮಕ್ಕಳೆಲ್ಲ ಹುಟ್ಟಿಯಾಗಿತ್ತು. ಮದುವೆಗೆ ಮುಂಚೆ ಹುಟ್ಟಿದವರು ಕಾನೂನುಬದ್ಧ ವಾರಸುದಾರರಲ್ಲ, ತಂದೆ ತಾಯಿ ಆಮೇಲೆ ಮದುವೆಯಾದರೂ ಅಲ್ಲ. 1926ರಲ್ಲಿ ಇಂಗ್ಲೆಂಡಿನ ಕಾನೂನು ಇಂಥ ಮಕ್ಕಳಿಗೆ ಮಾನ್ಯತೆ ಕೊಟ್ಟಿತು, ಆಗಲೂ ಬಿರುದುಗಳನ್ನು ಹೊರಗಿಟ್ಟಿತು. ಹೀಗಾಗಿ 1842ರಲ್ಲಿ ರಿಚರ್ಡ್ ತೀರಿಕೊಂಡಾಗ ಅವನಿಗಾಗಿಯೇ ಸೃಷ್ಟಿಯಾಗಿದ್ದ ಎರಡೂ ಬಿರುದು, ಬ್ಯಾರನ್ ವೆಲ್ಲೆಸ್ಲಿ ಮತ್ತು ಮಾರ್ಕ್ವಿಸ್ ವೆಲ್ಲೆಸ್ಲಿ, ಅಲ್ಲಿಗೇ ಮುಗಿದವು. ಮೈಸೂರಿನ ಗೆಲುವಿಗೆ ಸಿಕ್ಕ ಬಿರುದು ಒಂದು ತಲೆಮಾರೂ ದಾಟಲಿಲ್ಲ.

ಬಿರುದು ಹೋಗದಿದ್ದರೂ ರಕ್ತಸಂಬಂಧ ಎಲ್ಲಿಗೆ ಹೋಯಿತು ಗೊತ್ತಾ? ರಿಚರ್ಡ್‌ನ ಮಗಳು ಆನ್ ಲಾರ್ಡ್ ಚಾರ್ಲ್ಸ್ ಬೆಂಟಿಂಕ್‌ನನ್ನು ಮದುವೆಯಾದಳು. ಅವಳ ಮಗ ಒಬ್ಬ ಪಾದ್ರಿ. ಆ ಪಾದ್ರಿಯ ಮಗಳು ಸಿಸಿಲಿಯಾ. ಸಿಸಿಲಿಯಾಳ ಮಗಳು ಎಲಿಜಬೆತ್ ಬೋಸ್ ಲಯನ್, ಅಂದರೆ ಎರಡನೇ ಎಲಿಜಬೆತ್ ರಾಣಿಯ ತಾಯಿ. ಬಿರುದಿಗೆ ಅರ್ಹಳಲ್ಲದ ಆ ಮಗಳ ಸಂತತಿಯೇ ಈಗ ಬ್ರಿಟನ್ನಿನ ಸಿಂಹಾಸನದ ಮೇಲಿದೆ. ಮೂರನೇ ಚಾರ್ಲ್ಸ್ ಶ್ರೀರಂಗಪಟ್ಟಣದ ಯುದ್ಧ ಮಾಡಿಸಿದ ಗವರ್ನರ್ ಜನರಲ್‌ನ ನೇರ ವಂಶಸ್ಥ.

ಮಾರ್ನಿಂಗ್ಟನ್ ಬಿರುದಿನ ದಾರಿ ಬೇರೆ. ಅದು ಅಪ್ಪ ಗ್ಯಾರೆಟ್‌ಗೆ ಕೊಟ್ಟ ಸನ್ನದು. ಹಾಗಾಗಿ ಗ್ಯಾರೆಟ್‌ನ ಗಂಡು ಸಂತತಿ ಇರುವ ತನಕ ಅದು ಮುಗಿಯುವುದಿಲ್ಲ. ರಿಚರ್ಡ್ ನಂತರ ಮುಂದಿನ ತಮ್ಮ ವಿಲಿಯಂಗೆ ಬಂತು, ಅದೇ ನಕ್ಷೆ ನೋಡಿದ ವಿಲಿಯಂ. ಅವನು ಟಂಕಸಾಲೆಯ ಮುಖ್ಯಸ್ಥನಾಗಿದ್ದವನು. 1816, 1817ರ ಹೊಸ ಬೆಳ್ಳಿ ನಾಣ್ಯಗಳ ಮೇಲೆ ಅವನ ಇನಿಷಿಯಲ್ ಕೂಡ ಇದೆ. ಸ್ವಂತಕ್ಕೆ ಬ್ಯಾರನ್ ಮೇರಿಬರೊ ಎಂಬ ಬಿರುದೂ ಇತ್ತು. ಅವನು 1845ರಲ್ಲಿ ತೀರಿಕೊಂಡ ಮೇಲೆ ಮಗ ನಾಲ್ಕನೇ ಅರ್ಲ್ ಆದ. ಇವನ ಕತೆ ಕೇಳಿದರೆ ಹೊಟ್ಟೆ ಉರಿಯುತ್ತೆ. 1812ರಲ್ಲಿ ಕ್ಯಾಥರೀನ್ ಟಿಲ್ನಿ ಲಾಂಗ್ ಎಂಬ ಭಾರೀ ಆಸ್ತಿವಂತ ಹುಡುಗಿಯನ್ನು ಮದುವೆಯಾದ. ಅವಳ ವಾನ್‌ಸ್ಟೆಡ್ ಹೌಸ್ ಇಂಗ್ಲೆಂಡಿನ ದೊಡ್ಡ ಬಂಗಲೆಗಳಲ್ಲಿ ಒಂದು. ಇವನು ಮಾಡಿದ ಸಾಲಕ್ಕೆ 1822ರಲ್ಲಿ ಮನೆಯ ಸಾಮಾನೆಲ್ಲ ಹರಾಜಾಯಿತು. ಆಮೇಲೆ ಕಟ್ಟಡವನ್ನೇ ಕೆಡವಿ ಕಲ್ಲು ಮಾರಿದರು. 1825ರಲ್ಲಿ ಆಕೆ ತೀರಿಕೊಂಡಳು. ಇವನ ನಡತೆ ನೋಡಿ ಕೋರ್ಟು ಮಕ್ಕಳನ್ನೂ ಇವನ ವಶಕ್ಕೆ ಕೊಡಲಿಲ್ಲ. ಆ ಕಾಲದಲ್ಲಿ ತಂದೆಯಿಂದ ಮಕ್ಕಳನ್ನು ಬಿಡಿಸುವುದು ಸಣ್ಣ ಮಾತಲ್ಲ. ಕೊನೆಗಾಲದಲ್ಲಿ ಡ್ಯೂಕ್ ಮನೆಯಿಂದ ಬರುತ್ತಿದ್ದ ವಾರದ ಹಣದಲ್ಲಿ ಬದುಕಿ 1857ರಲ್ಲಿ ಸತ್ತ.

ಅವನ ಮಗ ಐದನೇ ಅರ್ಲ್ 1863ರಲ್ಲಿ ಮದುವೆಯಿಲ್ಲದೆ ತೀರಿಕೊಂಡ. ವಿಲಿಯಂನ ಸಾಲು ಅಲ್ಲಿಗೆ ಮುಗಿಯಿತು, ಮೇರಿಬರೊ ಬಿರುದೂ ಮುಗಿಯಿತು. ಮಾರ್ನಿಂಗ್ಟನ್ ಮಾತ್ರ ಪಕ್ಕದ ಸಾಲಿಗೆ, ಅಂದರೆ ಆರ್ಥರ್‌ನ ಸಾಲಿಗೆ ಹೋಯಿತು. ಆಗ ಎರಡನೇ ಡ್ಯೂಕ್ ಇದ್ದ. ಹೀಗೆ 1746ರ ಬಿರುದು ಮತ್ತು 1814ರ ಬಿರುದು ಒಬ್ಬನ ಹತ್ತಿರ ಸೇರಿದವು. ಈ ಸಾವಿನಲ್ಲಿ ಇನ್ನೊಂದು ಗಮನಿಸಬೇಕಾದ ವಿಷಯ ಇದೆ. ಐದನೇ ಅರ್ಲ್‌ನ ಕೈಯಲ್ಲಿ ಉಳಿದಿದ್ದ ಡ್ರೇಕಟ್ ಎಸ್ಟೇಟ್ ಡ್ಯೂಕ್‌ಗೆ ಹೋಗಲಿಲ್ಲ. ಅದನ್ನು ಅವನು ತನ್ನ ಅಜ್ಜನ ಕಿರಿಯ ತಮ್ಮ ಹೆನ್ರಿಯ ಮನೆಗೆ, ಆಗ ಪ್ಯಾರಿಸ್ಸಿನಲ್ಲಿ ರಾಯಭಾರಿಯಾಗಿದ್ದ ಅರ್ಲ್ ಕೌಲಿಗೆ, ಉಯಿಲು ಬರೆದಿದ್ದ. ಬಿರುದು ಸನ್ನದಿನ ಪ್ರಕಾರ ಹೋಗುತ್ತೆ, ಆಸ್ತಿ ಉಯಿಲಿನ ಪ್ರಕಾರ. ಬಿರುದನ್ನು ಉಯಿಲಿನಲ್ಲಿ ಬರೆದುಕೊಡಲು ಆಗುವುದಿಲ್ಲ.

ಹೆನ್ರಿಯ ಮನೆ ಅಂದೆನಲ್ಲ. 1799ರಲ್ಲಿ ಮೈಸೂರು ಆಯೋಗದಲ್ಲಿದ್ದ ಹೆನ್ರಿಯೇ 1828ರಲ್ಲಿ ಬ್ಯಾರನ್ ಕೌಲಿ ಆದ. ಅವನ ಮಗ 1857ರಲ್ಲಿ ಅರ್ಲ್ ಕೌಲಿ. ಈ ಸಾಲು ಇವತ್ತಿಗೂ ಇದೆ. ಆರ್ಥರ್‌ನ ಗಂಡು ಸಂತತಿ ಯಾವತ್ತಾದರೂ ಮುಗಿದರೆ ವೆಲಿಂಗ್ಟನ್ ಡ್ಯೂಕ್ ಪದವಿ ಅಳಿದುಹೋಗುತ್ತೆ, ಯಾಕೆಂದರೆ ಅದು ಆರ್ಥರ್‌ನ ಸಂತತಿಗಷ್ಟೇ ಕೊಟ್ಟಿದ್ದು. ಆದರೆ ಮಾರ್ನಿಂಗ್ಟನ್ ಬಿರುದು ಕೌಲಿ ಮನೆಗೆ ಹೋಗುತ್ತೆ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ 1943ರ ಒಂದು ಘಟನೆ ಎಲ್ಲವನ್ನೂ ತೋರಿಸುತ್ತೆ. ಆರನೇ ಡ್ಯೂಕ್ ಹೆನ್ರಿ ಇಟಲಿಯ ಸಲೆರ್ನೋದಲ್ಲಿ ಕಮಾಂಡೋ ಪಡೆಯ ಜೊತೆ ಹೋರಾಡುತ್ತಾ ಮಡಿದ. ವಯಸ್ಸು 31, ಮದುವೆಯಾಗಿರಲಿಲ್ಲ. ಅವನಿಗೆ ಒಬ್ಬಳು ಅಕ್ಕ, ಲೇಡಿ ಆನ್. ಬ್ರಿಟಿಷ್ ಬಿರುದುಗಳು ಅಕ್ಕನನ್ನು ದಾಟಿ ಚಿಕ್ಕಪ್ಪ ಜೆರಾಲ್ಡ್‌ಗೆ ಹೋದವು. ಆದರೆ ಸ್ಪೇನಿನ ನಿಯಮದ ಪ್ರಕಾರ ಸಹೋದರರು ಇಲ್ಲದಿದ್ದರೆ ಹೆಣ್ಣಿಗೂ ಹಕ್ಕಿದೆ. ಸಿಯುದಾದ್ ರೊದ್ರಿಗೋ ಬಿರುದು ಆನ್‌ಗೆ ಬಂತು. ಒಬ್ಬನೇ ಮೊದಲ ಡ್ಯೂಕ್‌ಗೆ ಬಂದ ಎರಡು ಬಿರುದು ಎರಡು ಮನೆಗೆ ಒಡೆದವು. 1949ರಲ್ಲಿ ಆಕೆ ತನ್ನ ಬಿರುದನ್ನು ಚಿಕ್ಕಪ್ಪನಿಗೇ ಬಿಟ್ಟುಕೊಟ್ಟಳು, ಮತ್ತೆ ಒಂದಾದವು. ಬಿಟ್ಟುಕೊಡುವುದಕ್ಕೂ ಸ್ಪೇನಿನ ಕಾನೂನಿನಲ್ಲಿ ಅವಕಾಶ ಇತ್ತು. 2006ರಲ್ಲಿ ಸ್ಪೇನ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಗಂಡಾಗಲಿ ಹೆಣ್ಣಾಗಲಿ, ಮೊದಲು ಹುಟ್ಟಿದ ಮಗುವಿಗೇ ಬಿರುದು ಅಂತ ಮಾಡಿತು. ಬ್ರಿಟನ್ ತನ್ನ ಸಿಂಹಾಸನದ ವಿಷಯದಲ್ಲಿ ಆ ಬದಲಾವಣೆ ಮಾಡಿದೆ, ಡ್ಯೂಕ್ ಅರ್ಲ್‌ಗಳ ವಿಷಯದಲ್ಲಿ ಮಾಡಿಲ್ಲ. ಇದು ಅನ್ಯಾಯ. ಸನ್ನದಿನಲ್ಲಿ ಹಾಗೆ ಬರೆದಿದೆ ಅನ್ನುವುದು ಕಾರಣ ಆಗಬಹುದು, ಸಮರ್ಥನೆ ಆಗುವುದಿಲ್ಲ.

ಈಗ ಬಿರುದು ಇರುವುದು ಒಂಬತ್ತನೇ ಡ್ಯೂಕ್ ಚಾರ್ಲ್ಸ್ ಅವರ ಹತ್ತಿರ, 2014ರ ಕೊನೆಯ ದಿನದಿಂದ. ಅವರು ಡ್ಯೂಕ್ ಅಷ್ಟೇ ಅಲ್ಲ, ಎರಡು ಮಾರ್ಕ್ವಿಸ್, ಎರಡು ಅರ್ಲ್, ಎರಡು ವೈಕೌಂಟ್, ಎರಡು ಬ್ಯಾರನ್ ಬಿರುದೂ ಅವರವೇ. ಇಷ್ಟನ್ನೂ ಒಬ್ಬರೇ ಬಳಸುವುದಿಲ್ಲ. ಹಿರಿಯ ಮಗನನ್ನು ಮರ್ಯಾದೆಗೆ ಮಾರ್ಕ್ವಿಸ್ ಆಫ್ ಡೌರೊ ಅಂತಲೂ, ಆ ಮಗನ ಹಿರಿಯ ಮಗನನ್ನು ಅರ್ಲ್ ಆಫ್ ಮಾರ್ನಿಂಗ್ಟನ್ ಅಂತಲೂ ಕರೆಯುತ್ತಾರೆ. ಕಾನೂನಿನ ದೃಷ್ಟಿಯಲ್ಲಿ ಆ ಬಿರುದುಗಳು ಡ್ಯೂಕ್ ಅವರದೇ. ಟಿಪ್ಪುವಿನ ಎದುರು ನಿಂತ ಗವರ್ನರ್ ಜನರ‌ಲ್‌ನ ಬಿರುದು ಇವತ್ತು ಒಬ್ಬ ಹುಡುಗನನ್ನು ಕರೆಯುವ ಹೆಸರಾಗಿ ಉಳಿದಿದೆ. ಅಧಿಕಾರ ಹೆಚ್ಚುಕಡಿಮೆ ಹೋಗಿಬಿಟ್ಟಿದೆ. 1999ರ ಕಾನೂನು ವಂಶಪಾರಂಪರ್ಯದ ಸದಸ್ಯರಲ್ಲಿ 92 ಜನರನ್ನು ಬಿಟ್ಟು ಉಳಿದವರನ್ನು ಲಾರ್ಡ್ಸ್ ಸಭೆಯಿಂದ ಹೊರಗೆ ಕಳಿಸಿತು. ಈಗಿನ ಡ್ಯೂಕ್ 2015ರಲ್ಲಿ ಉಪಚುನಾವಣೆಯಲ್ಲಿ ಗೆದ್ದು ಆ ಆಸನಗಳಲ್ಲಿ ಒಂದಕ್ಕೆ ಬಂದರು. ನದಿಗೆ ಕೊಳಚೆ ಬಿಡುವುದರ ವಿರುದ್ಧ 2021ರಲ್ಲಿ ಅವರು ಸಭೆಯಲ್ಲಿ ಗಟ್ಟಿಯಾಗಿ ಹೋರಾಡಿದ್ದು ಸುದ್ದಿಯಾಗಿತ್ತು. ಉಳಿದ ಆಸನಗಳನ್ನೂ ತೆಗೆಯುವ ಮಸೂದೆ 2024ರಲ್ಲಿ ಮಂಡನೆಯಾಯಿತು.

ಇನ್ನೊಂದು ವಿಷಯ, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ವೆಲ್ಲೆಸ್ಲಿಗಳ ಯಾವ ಬಿರುದಿನಲ್ಲೂ ಮೈಸೂರಿನ ಹೆಸರಿಲ್ಲ. ಮೈಸೂರಿನ ಹೆಸರು ಹೊತ್ತಿರುವುದು ಮುತ್ತಿಗೆಯ ಸೇನಾಪತಿ ಜಾರ್ಜ್ ಹ್ಯಾರಿಸ್‌ನ ಬಿರುದು. 1815ರಲ್ಲಿ ಅವನು ಶ್ರೀರಂಗಪಟ್ಟಣ ಮತ್ತು ಮೈಸೂರಿನ ಬ್ಯಾರನ್ ಹ್ಯಾರಿಸ್ ಆದ. ಕ್ರಿಕೆಟ್ ಇತಿಹಾಸದಲ್ಲಿ ಬರುವ ಲಾರ್ಡ್ ಹ್ಯಾರಿಸ್, 1890ರಿಂದ ಬಾಂಬೆ ಗವರ್ನರ್ ಆಗಿದ್ದವನು, ಇದೇ ಸಾಲಿನ ನಾಲ್ಕನೇ ಬ್ಯಾರನ್. ಮುಂದೆ ನಿಂತು ಕೋಟೆ ಹಿಡಿದ ಬೇರ್ಡ್‌ಗೆ 1809ರಲ್ಲಿ ಸಿಕ್ಕಿದ್ದು ಬ್ಯಾರನೆಟ್ ಪದವಿ. ಅದೂ ವಂಶಪಾರಂಪರ್ಯವೇ, ಆದರೆ ಲಾರ್ಡ್ ಅಲ್ಲ, ಬರೀ ಸರ್.

ಕೊನೆಯದಾಗಿ, ನೀವು ಮೈಸೂರು ಇತಿಹಾಸ ಓದುವಾಗ ಹೆಸರು ಗುರುತಿಸುವ ಬಗೆ ಹೇಳುತ್ತೇನೆ. ಮೊದಲು ಕಾಗದದ ತಾರೀಖು ನೋಡಿ. 1798, 1799ರಲ್ಲಿ ಲಾರ್ಡ್ ಮಾರ್ನಿಂಗ್ಟನ್ ಅಂತಿದ್ದರೆ ರಿಚರ್ಡ್. 1800ರಿಂದ 1805ರ ನಡುವೆ ಲಾರ್ಡ್ ವೆಲ್ಲೆಸ್ಲಿ ಅಥವಾ ಮಾರ್ಕ್ವಿಸ್ ಅಂತಿದ್ದರೆ ಅವನೇ. ಕರ್ನಲ್ ವೆಲ್ಲೆಸ್ಲಿ ಅಂತಿದ್ದರೆ ಆರ್ಥರ್. ಧೋಂಡಿಯ ವಾಘ್‌ನನ್ನು 1800ರಲ್ಲಿ ಬೆನ್ನಟ್ಟಿದ್ದು ಈ ಕರ್ನಲ್. 1802ರಿಂದ ಅವನೇ ಜನರಲ್ ವೆಲ್ಲೆಸ್ಲಿ, 1804ರಿಂದ ಸರ್ ಆರ್ಥರ್. ಬರೀ ಮಿಸ್ಟರ್ ವೆಲ್ಲೆಸ್ಲಿ ಅಂತ ಕಂಡರೆ ಬಹುಮಟ್ಟಿಗೆ ಅದು ಹೆನ್ರಿ. 1809ರ ಸೆಪ್ಟೆಂಬರಿಗೆ ಮುಂಚಿನ ಘಟನೆ ಹೇಳುವಾಗ ಯಾರಾದರೂ ವೆಲಿಂಗ್ಟನ್ ಅಂತ ಬರೆದಿದ್ದರೆ, ಅದು ಆಮೇಲೆ ಬರೆದವರು ಸೇರಿಸಿದ್ದು. ಶ್ರೀರಂಗಪಟ್ಟಣದಲ್ಲಿ ಅವನು ಇದ್ದಷ್ಟು ದಿನ ಆ ಹೆಸರಿನವರು ಯಾರೂ ಇರಲಿಲ್ಲ.